ನಾಟಕ ಮುಗಿದ ಮೇಲೆ ಮನೆ ಎಷ್ಟು ದೂರ? ಬೆಂಗಳೂರಿನ ಐದು ಕಡೆಯ ಬಾಡಿಗೆ ಲೆಕ್ಕ

ಹೆಗ್ಗೋಡಿನಲ್ಲಿ ಒಂದು ವರ್ಷ ನಾಟಕ ಕಲಿತು ಬಂದ ಹುಡುಗನೊಬ್ಬ ಹೋದ ತಿಂಗಳು ಫೋನ್ ಮಾಡಿದ್ದ. ಹಗಲಿಗೆ ಚಿಕ್ಕದೊಂದು ಕೆಲಸ ಸಿಕ್ಕಿದೆ, ಸಂಜೆ ನಾಟಕ ಮಾಡಬೇಕು, ಬೆಂಗಳೂರಿನಲ್ಲಿ ಎಲ್ಲಿ ಮನೆ ಮಾಡಲಿ ಅಣ್ಣ ಅಂತ ಕೇಳಿದ. ಅದೇ ವಾರ ಬ್ಯಾಂಕಿನಿಂದ ನಿವೃತ್ತರಾದ ಹಾಸನದ ಮಾವ ಕೇಳಿದರು: "ಅಲ್ಲಪ್ಪಾ, ನಿಮ್ಮತ್ತೆಗೆ ಕಛೇರಿ ಕೇಳೋ ಹುಚ್ಚು. ಎರಡು ವರ್ಷ ಬೆಂಗಳೂರಲ್ಲಿ ಇದ್ದು ನೋಡೋಣ ಅಂತಾಳೆ. ಎಲ್ಲಿ ನೋಡಲಿ?" ಇನ್ನೊಬ್ಬ ಗೆಳತಿ ಪೇಂಟಿಂಗ್ ಮಾಡುತ್ತಾಳೆ. ಆಳೆತ್ತರದ ಕ್ಯಾನ್ವಾಸ್ ಹಿಡಿಸುವ ಗೋಡೆ ಇರುವ ಮನೆ ಬೇಕಂತೆ. ಆಫೀಸಿನ ಜೋಡಿಯೊಂದಕ್ಕೆ ಭರತನಾಟ್ಯ ಕಲಿಯುವ ಎಂಟು ವರ್ಷದ ಮಗಳಿದ್ದಾಳೆ.

ನಾಲ್ವರೂ ಕೇಳಿದ್ದು ಒಂದೇ ಮಾತು, "ಕಲೆಯ ವಾತಾವರಣ ಇರೋ ಏರಿಯಾ ಯಾವುದು?" ಉತ್ತರ ಮಾತ್ರ ನಾಲ್ಕು ಬಗೆ. ನಾನು ಹದಿನಾಲ್ಕು ವರ್ಷದಿಂದ ಈ ಊರಿನಲ್ಲಿ ಹವ್ಯಾಸಿ ತಂಡಗಳಿಗೆ ಬೆಳಕು ಮಾಡುತ್ತಿದ್ದೇನೆ. ನಾಲ್ಕು ಮನೆ ಬದಲಿಸಿದ್ದೇನೆ, ಅದರಲ್ಲಿ ಎರಡು ತಪ್ಪು ಆಯ್ಕೆ. ಆ ತಪ್ಪುಗಳಿಂದ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಅಳತೆಗೋಲು

ನೀವು ನೋಡುವವರೋ, ಮಾಡುವವರೋ? ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನನ್ನ ಮೊದಲ ತಪ್ಪು ಇಲ್ಲೇ ಆಗಿದ್ದು. ಜೆ.ಪಿ. ನಗರದ ರಂಗಶಂಕರ ರಂಗಮಂದಿರದ ಹತ್ತಿರ ಮನೆ ಮಾಡಿದರೆ ನಾಟಕದ ಬದುಕು ಸಲೀಸು ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಒಂದು ನಾಟಕಕ್ಕೆ ಪ್ರದರ್ಶನ ಎರಡೋ ಮೂರೋ. ತಾಲೀಮು ನಲವತ್ತು ದಿನ. ತಾಲೀಮು ನಡೆಯುತ್ತಿದ್ದದ್ದು ಹನುಮಂತನಗರದ ಒಂದು ಶಾಲೆಯ ಹಾಲ್‌ನಲ್ಲಿ. ರಂಗಮಂದಿರದ ಪಕ್ಕದಲ್ಲಿದ್ದುಕೊಂಡು ನಲವತ್ತು ದಿನ ಟ್ರಾಫಿಕ್‌ನಲ್ಲಿ ಕೂತೆ. ನೋಡುವವರಿಗೆ ರಂಗಮಂದಿರ ಹತ್ತಿರ ಇರಬೇಕು. ಮಾಡುವವರಿಗೆ ತಾಲೀಮಿನ ಜಾಗ ಹತ್ತಿರ ಇರಬೇಕು, ತಂಡದ ಇನ್ನಿಬ್ಬರ ಮನೆ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಕಲಿಯುವವರಿಗೆ ಗುರುಗಳ ಮನೆ.

ಎರಡನೆಯದು, ರಾತ್ರಿ ವಾಪಸ್ ಬರುವ ದಾರಿ. ಸಂಜೆ ಹೋಗುವುದು ಹೇಗೋ ಆಗುತ್ತದೆ. ಏಳೂವರೆಯ ನಾಟಕ ಮುಗಿಯುವುದು ಒಂಬತ್ತೂವರೆಗೆ. ಚಹಾ ಕುಡಿದು ಜಗಳ ಆಡಿ ಹೊರಡುವಾಗ ಹತ್ತೂಕಾಲು. 2025ರ ಆಗಸ್ಟ್‌ನಿಂದ ಆಟೋ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹತ್ತು ಕಿಲೋಮೀಟರಿಗೆ 180 ಆಯಿತು. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು, ಅಂದರೆ 270. ಅದೂ ಮೀಟರ್ ಹಾಕಿದರೆ! ವಾರಕ್ಕೆ ನಾಲ್ಕು ರಾತ್ರಿ ಹೀಗೆ ಬಂದರೆ ತಿಂಗಳಿಗೆ 4,300 ರೂಪಾಯಿ ದಾಟುತ್ತದೆ. ದೂರದಲ್ಲಿ ನಾಲ್ಕು ಸಾವಿರ ಕಡಿಮೆಗೆ ಮನೆ ಸಿಕ್ಕಿತು ಅಂತ ಹಿಗ್ಗುವ ಮೊದಲು ಈ ಲೆಕ್ಕ ಹಾಕಿ. ಮೆಟ್ರೋ ಹತ್ತಿರ ಇದ್ದರೆ ಕಥೆಯೇ ಬೇರೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ. ಆದರೆ ರಾತ್ರಿ ಹತ್ತರ ಮೇಲೆ ನಿಮ್ಮ ಬಡಾವಣೆಗೆ ಬಸ್ಸು ಇದೆಯೋ ಇಲ್ಲವೋ, ಒಂದು ದಿನ ನಿಂತು ನೋಡಿ. ಬಸ್ ಸ್ಟಾಪಿನಿಂದ ಮನೆಯವರೆಗಿನ ದಾರಿಯಲ್ಲಿ ಬೀದಿದೀಪ ಇದೆಯೇ ಅಂತಲೂ ನೋಡಿ.

ಮೂರನೆಯದು ಸದ್ದು. ಮೃದಂಗ, ತಬಲಾ, ಗೆಜ್ಜೆ, ಗಟ್ಟಿಯಾಗಿ ಹೇಳುವ ಸಂಭಾಷಣೆ, ಯಾವುದಿದ್ದರೂ ಮನೆ ನೋಡುವ ದಿನವೇ ಹೇಳಿಬಿಡಿ. ಕಾನೂನಿನ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಆರರವರೆಗೆ. ಕೆಳಗಿನ ಮನೆಯ ಅಜ್ಜಿಗೆ ಡೆಸಿಬಲ್ ಗೊತ್ತಿಲ್ಲ, ಆದರೆ ಮೃದಂಗ ಗೊತ್ತು. ಅಜ್ಜಿ ಸಂಗೀತ ಬಲ್ಲವರಾಗಿದ್ದರೆ ಇನ್ನೂ ಕಷ್ಟ, ತಾಳ ತಪ್ಪಿದರೆ ಮೇಲೆ ಬಂದು ಹೇಳುತ್ತಾರೆ.

ನಾಲ್ಕನೆಯದು ಒಟ್ಟು ದುಡ್ಡು, ಅದರ ಲೆಕ್ಕ ಕೊನೆಯಲ್ಲಿ ಹೇಳುತ್ತೇನೆ. ಐದನೆಯದು ನೀರು. 2024ರ ಬೇಸಿಗೆಯಲ್ಲಿ ಊರಿಗೂರೇ ಟ್ಯಾಂಕರ್ ಕಾದದ್ದು ನೆನಪಿದೆ ಅಲ್ವಾ? ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪ್ ಎಷ್ಟು ದೊಡ್ಡದು, ಬೋರ್‌ವೆಲ್ ಇದೆಯೇ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಅಂತ ಕೇಳಿ. ಓನರ್ "ನೀರಿಗೇನೂ ತೊಂದ್ರೆ ಇಲ್ಲ" ಅಂದೇ ಅನ್ನುತ್ತಾರೆ. ಪಕ್ಕದ ಮನೆಯವರನ್ನು ಕೇಳಿ.

ಈಗ ಒಂದೊಂದೇ ಜಾಗ ನೋಡೋಣ. ಬಾಡಿಗೆ ಅಂಕಿಗಳೆಲ್ಲ ನಾನು ಟು-ಲೆಟ್ ಬೋರ್ಡ್ ನೋಡಿ, ಫೋನ್ ಮಾಡಿ, ಗೆಳೆಯರನ್ನು ವಿಚಾರಿಸಿ ಹೇಳುವ ಅಂದಾಜು. ರಸ್ತೆಯಿಂದ ರಸ್ತೆಗೆ ಬದಲಾಗುತ್ತವೆ.

ಜೆ.ಪಿ. ನಗರ: ನೋಡುವವರ ಸ್ವರ್ಗ

ರಂಗಶಂಕರ ಶುರುವಾದದ್ದು 2004ರಲ್ಲಿ. ಸೋಮವಾರ ಬಿಟ್ಟು ದಿನಾ ನಾಟಕ. ಮುನ್ನೂರು ಚಿಲ್ಲರೆ ಸೀಟು, ಯಾವ ಮೂಲೆಯಲ್ಲಿ ಕೂತರೂ ನಟರ ಮುಖ ಕಾಣುತ್ತದೆ. ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲ. ಈ ನಿಯಮದಿಂದಲೇ ಅದರ ಪಕ್ಕದ ಮನೆಗೆ ಬೆಲೆ. ಆಫೀಸಿನಿಂದ ಏಳಕ್ಕೆ ಮನೆಗೆ ಬಂದು, ಮುಖ ತೊಳೆದು, ನಡೆದುಕೊಂಡು ಹೋಗಿ ನಾಟಕ ನೋಡುವ ಸುಖ ಈ ಊರಿನಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಕನ್ನಡದ ಜೊತೆಗೆ ಇಂಗ್ಲಿಷ್, ಹಿಂದಿ, ಮರಾಠಿ, ಮಲಯಾಳಂ ನಾಟಕಗಳೂ ಬರುತ್ತವೆ. ನಾಟಕ ಇಲ್ಲದ ಹೊತ್ತಿನಲ್ಲೂ ಅದರ ಕ್ಯಾಂಟೀನಿನಲ್ಲಿ ಯಾರಾದರೂ ಗುರುತಿನವರು ಸಿಗುತ್ತಾರೆ. ಎಷ್ಟೋ ನಾಟಕಗಳ ಪಾತ್ರ ಹಂಚಿಕೆ ಆಗಿರುವುದು ಆ ಮೇಜುಗಳ ಮೇಲೆಯೇ.

ಆದರೆ ಜೆ.ಪಿ. ನಗರ ಅನ್ನುವ ಹೆಸರಿಗೆ ಮೋಸ ಹೋಗಬೇಡಿ. ಅದಕ್ಕೆ ಒಂಬತ್ತು ಫೇಸ್‌ಗಳಿವೆ. ರಂಗಶಂಕರ ಇರುವುದು ಎರಡನೇ ಫೇಸ್‌ನಲ್ಲಿ. ಏಳನೇ ಫೇಸ್‌ನಲ್ಲಿ ಮನೆ ಹಿಡಿದರೆ, 2019ರಲ್ಲಿ ಶುರುವಾದ ಸಂಗೀತ ಮ್ಯೂಸಿಯಂ ಹತ್ತಿರ ಆಗುತ್ತದೆ ನಿಜ. ನಾಟಕಕ್ಕೆ ಮಾತ್ರ ಗಾಡಿ ತೆಗೆಯಲೇಬೇಕು. ಬ್ರೋಕರ್‌ಗಳು "ರಂಗಶಂಕರದ ಹತ್ರ ಸಾರ್" ಅಂತಲೇ ತೋರಿಸುತ್ತಾರೆ. ಮೆಟ್ರೋ ಹೆಸರೂ ಹಾಗೇ. ಜಯಪ್ರಕಾಶ್ ನಗರ ನಿಲ್ದಾಣ ಇರುವುದು ಕನಕಪುರ ರಸ್ತೆಯಲ್ಲಿ. ಅಲ್ಲಿ ಇಳಿದು ನಡೆದೇ ಹೋಗುತ್ತೇನೆ ಅಂದರೆ ಮೊದಲ ದೃಶ್ಯ ತಪ್ಪುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ರಾಗಿಗುಡ್ಡ ನಿಲ್ದಾಣ ಹೆಚ್ಚು ಅನುಕೂಲ.

ಎರಡನೇ, ಮೂರನೇ ಫೇಸ್‌ನಲ್ಲಿ ಒಂದು ಬೆಡ್‌ರೂಮಿನ ಮನೆಗೆ ಸುಮಾರು 18ರಿಂದ 25 ಸಾವಿರ, ಎರಡು ಬೆಡ್‌ರೂಮಿಗೆ 30 ದಾಟಿ 40ರವರೆಗೆ. ಒಬ್ಬರ ಸಂಬಳದಲ್ಲಿ ಕಷ್ಟ. ಬೆಲೆ ತಗ್ಗಬೇಕಾದರೆ ಪಕ್ಕದ ಸಾರಕ್ಕಿ ಕಡೆ ನೋಡಿ, ಅಥವಾ ಬನಶಂಕರಿ ಎರಡನೇ ಹಂತಕ್ಕೆ ಹೋಗಿ. ಬನಶಂಕರಿಯಲ್ಲಿ ಸುಚಿತ್ರ ಫಿಲ್ಮ್ ಸೊಸೈಟಿ ಇದೆ. 1971ರಲ್ಲಿ ಹುಟ್ಟಿದ ಸಂಸ್ಥೆ ಅದು, ಇರುವ ರಸ್ತೆಗೆ ಬಿ.ವಿ. ಕಾರಂತರ ಹೆಸರು. ಸಿನಿಮಾ, ನಾಟಕ ಎರಡೂ ಬೇಕಾದವರಿಗೆ ಈ ಪಕ್ಕದೂರೇ ಜೆ.ಪಿ. ನಗರಕ್ಕಿಂತ ಲಾಭ ಅಂತ ನನ್ನ ಅಭಿಪ್ರಾಯ.

ಬಸವನಗುಡಿ, ಹನುಮಂತನಗರ, ಚಾಮರಾಜಪೇಟೆ: ಮಾಡುವವರ ಊರು

ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಈಗ ಇರುವುದೂ ಇಲ್ಲೇ. ಹಾಗಾಗಿ ಪಕ್ಷಪಾತ ಇದ್ದರೆ ಅದನ್ನು ಕಳೆದು ಓದಿಕೊಳ್ಳಿ.

ಈ ಮೂರನ್ನು ಒಟ್ಟಿಗೆ ಹೇಳಲು ಕಾರಣ ಇದೆ. ಮೂರೂ ಒಂದಕ್ಕೊಂದು ನಡೆದು ಮುಟ್ಟುವಷ್ಟು ಹತ್ತಿರ. ಆದರೆ ಬಾಡಿಗೆ ಮೂರು ಥರ. ಬಸವನಗುಡಿ ದುಬಾರಿ. ಹನುಮಂತನಗರ, ಶ್ರೀನಗರದ ಕಡೆ ಇಳಿದಂತೆ ಬಾಡಿಗೆಯೂ ಇಳಿಯುತ್ತದೆ. ಒಂದು ಬೆಡ್‌ರೂಮಿನ ಮನೆ 12ರಿಂದ 16 ಸಾವಿರಕ್ಕೆ ಇನ್ನೂ ಸಿಗುತ್ತದೆ. ಬೆಂಗಳೂರಿನ ನಡುಭಾಗದಲ್ಲಿ ಇದು ಕಡಿಮೆಯೇ. ಬಸವನಗುಡಿಯಲ್ಲಿ ಎರಡು ಬೆಡ್‌ರೂಮಿಗೆ 25ರಿಂದ 35.

ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ ಇದೆ. ಶನಿವಾರ, ಭಾನುವಾರ ಕನ್ನಡ ಹವ್ಯಾಸಿ ತಂಡಗಳ ಜಾತ್ರೆ ಅಲ್ಲಿ. ಮೊದಲ ನಾಟಕ ಮಾಡುವ ತಂಡವೂ ಧೈರ್ಯ ಮಾಡಿ ದಿನಾಂಕ ಕೇಳುವ ಜಾಗ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಇಲ್ಲಿಂದ ಬೈಕಿನಲ್ಲಿ ಹತ್ತು ಹದಿನೈದು ನಿಮಿಷ. ಕಲಾಕ್ಷೇತ್ರ 1963ರದ್ದು, ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ್ದು. ಅದರ ಹಿಂದೆ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ, ಎದುರು ರಸ್ತೆಯಲ್ಲೇ ಎ.ಡಿ.ಎ. ರಂಗಮಂದಿರ. ಸೆಟ್ಟು ಕಟ್ಟುವವರಿಗೆ ಇನ್ನೊಂದು ಅನುಕೂಲ ಇದೆ. ಮರ, ಬಟ್ಟೆ, ತಗಡು, ಬಣ್ಣ, ವಯರು ಎಲ್ಲಕ್ಕೂ ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ, ಎಸ್.ಪಿ. ರಸ್ತೆ ಹತ್ತಿರ. ಪ್ರದರ್ಶನದ ದಿನ ಬೆಳಿಗ್ಗೆ ಒಂದು ಡಿಮ್ಮರ್ ಸುಟ್ಟುಹೋದರೆ ಮಧ್ಯಾಹ್ನದೊಳಗೆ ಬಿಡಿಭಾಗ ತಂದು ಸರಿಮಾಡಬಹುದು. ನಾನು ಮಾಡಿದ್ದೇನೆ.

ಸಂಗೀತದವರಿಗೂ ಇದು ಬಡ ಜಾಗವಲ್ಲ. ಕೆ.ಆರ್. ರಸ್ತೆಯ ಗಾಯನ ಸಮಾಜ 1905ರದ್ದು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿಗೆ ಸುಮಾರು ಒಂದು ತಿಂಗಳು ಸಂಗೀತ ಕಛೇರಿ. ಅದನ್ನು ನಡೆಸುವ ರಾಮಸೇವಾ ಮಂಡಳಿ 1939ರಲ್ಲಿ ಶುರುವಾದದ್ದು. ಟಿಕೆಟ್ ಇಲ್ಲದವರು ಹೊರಗಡೆ ನಿಂತೂ ಕೇಳುತ್ತಾರೆ. ಸಾಹಿತ್ಯದವರಿಗೆ 1915ರ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿದೆ. ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರ ವರ್ಲ್ಡ್ ಕಲ್ಚರ್ ಸಂಸ್ಥೆ ಇದೆ. ಅಲ್ಲಿನ ಉಪನ್ಯಾಸ, ಕಛೇರಿಗಳಿಗೆ ದುಡ್ಡು ಕೊಡಬೇಕಿಲ್ಲ. ಗಾಂಧಿ ಬಜಾರಿನಲ್ಲಿ ಪುಸ್ತಕದಂಗಡಿ, ದೋಸೆಗೆ 1943ರ ವಿದ್ಯಾರ್ಥಿ ಭವನ. ದೋಸೆಯನ್ನು ಕಲೆಯ ಪಟ್ಟಿಗೆ ಸೇರಿಸಬಾರದು ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ.

ಇನ್ನು ತೊಂದರೆಗಳು. ಹಳೆಯ ಏರಿಯಾ, ಹಳೆಯ ಮನೆ. ಮೆಟ್ಟಿಲು ಕಡಿದು, ಪಾರ್ಕಿಂಗ್ ಇಲ್ಲ, ಬಚ್ಚಲು ಚಿಕ್ಕದು. ಬಸವನಗುಡಿಯ ಎಷ್ಟೋ ಓನರ್‌ಗಳು ಫೋನಿನಲ್ಲೇ "ವೆಜಿಟೇರಿಯನ್ ತಾನೇ?" ಅಂತ ಕೇಳುತ್ತಾರೆ. ಆಮೇಲೆ "ಫ್ಯಾಮಿಲಿನಾ?" ಅಂತ. ಅದಾದ ಮೇಲೆ ಹೆಸರು ಕೇಳಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಈ ಸುಮ್ಮನಿರುವುದನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ನನ್ನ ತಂಡದ ಇಬ್ಬರಿಗೆ ಇದೇ ಕಾರಣಕ್ಕೆ ಆರಾರು ಮನೆ ತಪ್ಪಿವೆ. ಹನುಮಂತನಗರ, ಶ್ರೀನಗರದಲ್ಲಿ ಈ ಕಾಟ ತುಸು ಕಡಿಮೆ, ಪೂರಾ ಇಲ್ಲ ಅಂತಲ್ಲ. ಮೆಟ್ರೋ ಹತ್ತಿರ ಬೇಕಿದ್ದರೆ ನ್ಯಾಷನಲ್ ಕಾಲೇಜು ನಿಲ್ದಾಣದ ಸುತ್ತ ನೋಡಿ. ಹನುಮಂತನಗರದಿಂದ ಅದು ದೂರವೇ. ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯ ಕಡಲೆಕಾಯಿ ಪರಿಷೆ. ಆ ದಿನಗಳಲ್ಲಿ ಗಾಡಿ ಹೊರಗೆ ತೆಗೆಯುವ ಆಸೆ ಬಿಡಿ, ನಡೆದುಕೊಂಡು ಹೋಗಿ ಕಡಲೆಕಾಯಿ ತನ್ನಿ.

ಮಲ್ಲೇಶ್ವರ: ಕೇಳುವವರಿಗೆ, ಕಲಿಯುವವರಿಗೆ

1898ರ ಪ್ಲೇಗ್ ಆದ ಮೇಲೆ ಪೇಟೆಯಿಂದ ಹೊರಗೆ ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಹೀಗಾಗಿ ಇಬ್ಬರ ಗುಣವೂ ಅಕ್ಕತಂಗಿಯರ ಹಾಗೆ. ನಾಟಕ ಬಸವನಗುಡಿ ಕಡೆ ವಾಲಿದರೆ, ಸಂಗೀತ ಮಲ್ಲೇಶ್ವರದಲ್ಲಿ ಮನೆಮನೆಗೆ ಹರಿದಿದೆ. ಹದಿನಾಲ್ಕನೇ ಕ್ರಾಸ್‌ನ ಸೇವಾ ಸದನದಲ್ಲಿ ನೃತ್ಯ, ಸಂಗೀತ, ನಾಟಕ ಎಲ್ಲವೂ ನಡೆಯುತ್ತದೆ. ಪಕ್ಕದ ವೈಯಾಲಿಕಾವಲ್‌ನಲ್ಲಿ 1980ರ ಚೌಡಯ್ಯ ಮೆಮೋರಿಯಲ್ ಹಾಲ್. ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ನೆನಪಿಗೆ ಕಟ್ಟಡವೇ ಪಿಟೀಲಿನ ಆಕಾರ. ಬೆಳಿಗ್ಗೆ ವಾಕಿಂಗ್ ಹೋದರೆ ಮೂರು ಮನೆಗೊಂದು ಕಡೆ ಸರಳೆ ವರಸೆ ಕೇಳುತ್ತದೆ. ಪಾಠ ಹೇಳುವ ಗುರುಗಳು ನಡೆಯುವಷ್ಟು ದೂರದಲ್ಲೇ ಸಿಗುತ್ತಾರೆ. ಮಕ್ಕಳನ್ನು ಸಂಜೆ ಪಾಠಕ್ಕೆ ಕರೆದೊಯ್ಯುವ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ವಯಸ್ಸಾದವರಿಗೂ ಸಲೀಸು. ಎಂಟನೇ ಕ್ರಾಸ್‌ನ ಹೂವು ಹಣ್ಣು, ಆಸ್ಪತ್ರೆ, ದೇವಸ್ಥಾನ ಎಲ್ಲ ಕಾಲಳತೆಯಲ್ಲಿ. ಸಂಪಿಗೆ ರಸ್ತೆ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಕೂತರೆ ಎಂಟನೇ ನಿಲ್ದಾಣ ಆರ್.ವಿ. ರಸ್ತೆ. ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನದೇ ರಾಗಿಗುಡ್ಡ. ಅಂದರೆ ಮಲ್ಲೇಶ್ವರದಲ್ಲಿದ್ದೂ ರಂಗಶಂಕರಕ್ಕೆ ಟ್ರಾಫಿಕ್ ನೋಡದೆ ಹೋಗಿಬರಬಹುದು.

ಬಾಡಿಗೆ ಮಾತ್ರ ಬಿಸಿ. ಎರಡು ಬೆಡ್‌ರೂಮಿಗೆ 30ರಿಂದ 45 ಸಾವಿರ. ಹಳೆಯ ಮನೆಗಳು ಒಂದೊಂದಾಗಿ ಒಡೆದು ಅಪಾರ್ಟ್‌ಮೆಂಟ್ ಆಗುತ್ತಿವೆ. ಹಿಂದೆ ಸಿಗುತ್ತಿದ್ದ ಔಟ್‌ಹೌಸ್, ವಠಾರದ ಮನೆ ಈಗ ಅಪರೂಪ. ಹದಿನೈದು ಸಾವಿರದ ಒಳಗೆ ಬೇಕೆನ್ನುವವರು ಶ್ರೀರಾಂಪುರ ಕಡೆ ನೋಡಿ. ಮೆಟ್ರೋದಲ್ಲಿ ಒಂದೇ ನಿಲ್ದಾಣ.

ವಿಲ್ಸನ್ ಗಾರ್ಡನ್, ಶಾಂತಿನಗರ: ಬಣ್ಣದವರಿಗೆ

ಚಿತ್ರಕಲೆಯ ಬದುಕು ನಾಟಕದ ಹಾಗೆ ಒಂದು ಬಡಾವಣೆಯಲ್ಲಿ ಕೂತಿಲ್ಲ. ನಡು ಬೆಂಗಳೂರಿನಲ್ಲಿ ಹರಡಿಕೊಂಡಿದೆ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು, ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆ ಮತ್ತು 2023ರಲ್ಲಿ ಶುರುವಾದ ಮ್ಯಾಪ್, ಅಂದರೆ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ. ಶಾಂತಿನಗರದಲ್ಲಿ ಒನ್ ಶಾಂತಿ ರೋಡ್ ಅನ್ನುವ ಕಲಾವಿದರ ಸ್ಟುಡಿಯೋ, ವಿಲ್ಸನ್ ಗಾರ್ಡನ್‌ನಲ್ಲಿ ಸುಮುಖ ಗ್ಯಾಲರಿ. ಇವೆಲ್ಲಕ್ಕೂ ಹತ್ತಿರ, ಇಂದಿರಾನಗರದಷ್ಟು ದುಬಾರಿಯಲ್ಲದ ಜಾಗ ಈ ಎರಡು ಬಡಾವಣೆ. ಒಂದು ಬೆಡ್‌ರೂಮಿಗೆ 15ರಿಂದ 22 ಸಾವಿರದ ಆಸುಪಾಸು. ಬಿಎಂಟಿಸಿಯ ದೊಡ್ಡ ನಿಲ್ದಾಣ ಶಾಂತಿನಗರದಲ್ಲೇ ಇರುವುದರಿಂದ ಬಸ್ಸಿಗೆ ಬರವಿಲ್ಲ. ಊಟದ ವಿಚಾರದಲ್ಲಿ ಪ್ರಶ್ನೆಗಳೂ ಕಡಿಮೆ.

ಇಲ್ಲಿ ನೋಡಬೇಕಾದ್ದು ಬೆಳಕು. ಕಟ್ಟಡಕ್ಕೆ ಕಟ್ಟಡ ಅಂಟಿಕೊಂಡಿರುತ್ತದೆ. ಹಗಲು ಹನ್ನೆರಡಕ್ಕೇ ಟ್ಯೂಬ್‌ಲೈಟ್ ಹಾಕಬೇಕಾದ ಮನೆಯಲ್ಲಿ ಬಣ್ಣ ಬೆರೆಸುವುದು ಹೇಗೆ? ಮನೆ ನೋಡಲು ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಹೋಗಿ. ಮೆಟ್ಟಿಲಿನ ತಿರುವು ಅಳೆಯಿರಿ. ಗೆಳತಿಯೊಬ್ಬಳು ಆರು ಅಡಿ ಕ್ಯಾನ್ವಾಸನ್ನು ಕೊನೆಗೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸಿದಳು. ಟರ್ಪೆಂಟೈನ್ ವಾಸನೆಗೆ ಗಾಳಿ ಆಡುವ ಕಿಟಕಿ ಇರಲೇಬೇಕು.

ಇಂದಿರಾನಗರ, ದೊಮ್ಮಲೂರಿನ ಬಗ್ಗೆ ಎರಡೇ ಮಾತು. ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಮ್ಯಾಕ್ಸ್ ಮುಲ್ಲರ್ ಭವನ ಎರಡೂ ಅಲ್ಲಿವೆ, ಕಾರ್ಯಕ್ರಮ ಚೆನ್ನಾಗಿರುತ್ತವೆ. ಒಂದು ಬೆಡ್‌ರೂಮಿಗೇ 28 ಸಾವಿರ ದಾಟುವುದರಿಂದ, ಆಫೀಸೂ ಆ ಕಡೆಯೇ ಇದ್ದರೆ ಮಾತ್ರ ಯೋಚಿಸಿ.

ಮಲ್ಲತ್ತಹಳ್ಳಿ: ಕಡಿಮೆ ಬಾಡಿಗೆ, ದೊಡ್ಡ ಜಾಗ

ಜ್ಞಾನಭಾರತಿ ಪಕ್ಕದ ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮ ಅನ್ನುವ ಸಾಂಸ್ಕೃತಿಕ ಸಮುಚ್ಚಯ ಇದೆ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇರುವುದೂ ಅಲ್ಲೇ. ಜಿ.ಎಸ್. ಶಿವರುದ್ರಪ್ಪ, ಯು.ಆರ್. ಅನಂತಮೂರ್ತಿ ಇಬ್ಬರ ಅಂತ್ಯಸಂಸ್ಕಾರ ನಡೆದದ್ದೂ ಆ ನೆಲದಲ್ಲೇ. ಸುತ್ತಮುತ್ತ ಒಂದು ಬೆಡ್‌ರೂಮು 9ರಿಂದ 13 ಸಾವಿರಕ್ಕೆ, ಎರಡು 15ರಿಂದ 20ಕ್ಕೆ ಸಿಗುತ್ತವೆ. ಮಲ್ಲೇಶ್ವರದ ಅರ್ಧ. ಮನೆಗಳೂ ಹೊಸವು, ಟೆರೇಸ್ ದೊಡ್ಡದು, ಸೆಟ್ಟಿನ ಸಾಮಾನು ಇಡಲು ಜಾಗ ಉಂಟು.

ಆದರೆ ಕಲಾಗ್ರಾಮದಲ್ಲಿ ದಿನಾ ಕಾರ್ಯಕ್ರಮ ಇರುವುದಿಲ್ಲ. ನೋಡಬೇಕಾದ ನಾಟಕ ಜೆ.ಸಿ. ರಸ್ತೆಯಲ್ಲೋ ಜೆ.ಪಿ. ನಗರದಲ್ಲೋ ಇರುತ್ತದೆ. ನೇರಳೆ ಮಾರ್ಗದ ಜ್ಞಾನಭಾರತಿ ನಿಲ್ದಾಣಕ್ಕೆ ಮನೆಯಿಂದ ಮತ್ತೆ ಗಾಡಿ ಬೇಕು. ಮೊದಲು ಹೇಳಿದ ಆಟೋ ಲೆಕ್ಕ ಇಲ್ಲಿಗೇ ಹೇಳಿದ್ದು. ಬೈಕ್ ಇದ್ದು, ವಿಶ್ವವಿದ್ಯಾಲಯದಲ್ಲೋ ನಾಟಕ ಶಾಲೆಯಲ್ಲೋ ಓದುತ್ತಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಬೈಕ್ ಇಲ್ಲದಿದ್ದರೆ ಮೂರು ತಿಂಗಳಲ್ಲಿ ನಾಟಕಕ್ಕೆ ಹೋಗುವುದನ್ನೇ ಬಿಡುತ್ತೀರಿ. ನನ್ನ ಎರಡನೇ ತಪ್ಪು ಆಯ್ಕೆ ಇಂಥದ್ದೇ ಒಂದು ಅಂಚಿನ ಬಡಾವಣೆ. ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಪೆಟ್ರೋಲಿಗೆ ಹೋಯಿತು.

ಅಪಾರ್ಟ್‌ಮೆಂಟೋ, ಮಹಡಿ ಮನೆಯೋ?

ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು, ಸೆಕ್ಯುರಿಟಿ, ಜನರೇಟರ್ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಗೇಟಿನಲ್ಲಿ ಒಬ್ಬರು ಕೂತಿರುವುದೇ ಧೈರ್ಯ. ಬದಲಿಗೆ ಮೆಂಟೆನೆನ್ಸ್ ಕೊಡಬೇಕು, ಅಸೋಸಿಯೇಷನ್ ನಿಯಮ ಕೇಳಬೇಕು. ಎಂಟು ಜನ ಸೇರಿ ಸ್ಕ್ರಿಪ್ಟ್ ಓದಿದರೂ ವಾಟ್ಸಾಪ್ ಗ್ರೂಪಿನಲ್ಲಿ ದೂರು ಬರುತ್ತದೆ. ಮಹಡಿ ಮನೆಯಲ್ಲಿ ಅಸೋಸಿಯೇಷನ್ ಇಲ್ಲ, ಆದರೆ ಕೆಳಗೆ ಓನರ್ ಇರುತ್ತಾರೆ. ಒಳ್ಳೆಯವರಾದರೆ ಟೆರೇಸಿನಲ್ಲೇ ತಾಲೀಮು, ಮಧ್ಯೆ ಕಾಫಿ. ಅಲ್ಲದಿದ್ದರೆ ಗೇಟಿನ ಬೀಗ ಹತ್ತಕ್ಕೇ ಬೀಳುತ್ತದೆ. ಗೇಟಿನ ಕೀ ಒಂದು ನಿಮ್ಮ ಕೈಗೆ ಕೊಡುತ್ತಾರೋ ಇಲ್ಲವೋ, ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ನಾಟಕದವರಿಗೆ ಇದು ಬಾಡಿಗೆಗಿಂತ ಮುಖ್ಯ.

ಅಡ್ವಾನ್ಸ್ ವಿಷಯ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡ ಅನ್ನುತ್ತದೆ. ನಮ್ಮೂರಿನ ರೂಢಿ ಐದರಿಂದ ಹತ್ತು ತಿಂಗಳು. ಹದಿನಾಲ್ಕು ಸಾವಿರದ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಅಂದರೆ 1,40,000. ಅದರ ಮೇಲೆ ಬ್ರೋಕರ್‌ಗೆ ಒಂದು ತಿಂಗಳದ್ದು, ಮೊದಲ ಬಾಡಿಗೆ, ಸಾಮಾನು ಸಾಗಣೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಬಾಡಿಗೆ ಐನೂರು ಜಾಸ್ತಿ ಕೊಟ್ಟು ಅಡ್ವಾನ್ಸ್ ಇಳಿಸಿ ಅಂತ ಕೇಳಿ ನೋಡಿ. ಎಷ್ಟೋ ಜನ ಒಪ್ಪುತ್ತಾರೆ. ಬ್ರೋಕರ್ ದುಡ್ಡು ಉಳಿಸಬೇಕಾದರೆ ಭಾನುವಾರ ಬೆಳಿಗ್ಗೆ ಆ ಬೀದಿಗಳಲ್ಲಿ ಸುಮ್ನೆ ನಡೆಯಿರಿ. ಹನುಮಂತನಗರದಲ್ಲಿ ಈಗಲೂ ಗೇಟಿಗೆ ರಟ್ಟು ನೇತುಹಾಕುವವರಿದ್ದಾರೆ. ಇಸ್ತ್ರಿ ಅಂಗಡಿಯವರನ್ನು ಕೇಳಿದರೆ ಖಾಲಿ ಮನೆಗಳ ಪಟ್ಟಿಯೇ ಸಿಗುತ್ತದೆ.

ಕರಾರು ಹನ್ನೊಂದು ತಿಂಗಳದ್ದೇ ಯಾಕೆ ಅಂದರೆ, ಒಂದು ವರ್ಷ ಮೀರಿದ್ದನ್ನು ನೋಂದಣಿ ಮಾಡಿಸಬೇಕಾಗುತ್ತದೆ. ಅದರಲ್ಲಿ ಮೂರು ಸಾಲು ಹುಡುಕಿ ಓದಿ: ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಿಡುವಾಗ ಎಷ್ಟು ಮುಂಚೆ ತಿಳಿಸಬೇಕು, ಮನೆಗೆ ಪೇಂಟ್ ಹೊಡೆಸಲು ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ. ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ಪದ್ಧತಿ. ನನ್ನ ಒಬ್ಬ ಓನರ್ ಪೇಂಟಿಂಗ್, ಕ್ಲೀನಿಂಗ್, ಗೋಡೆಗೆ ಹೊಡೆದ ಎರಡು ಮೊಳೆ ಎಲ್ಲ ಸೇರಿಸಿ ಎರಡೂವರೆ ತಿಂಗಳದ್ದು ಹಿಡಿದರು. ಕರಾರಿನಲ್ಲಿ "ತಗಲುವ ಖರ್ಚು" ಅಂತಷ್ಟೇ ಇತ್ತು. ಅಂಕಿ ಬರೆಸಿ. ಮನೆಗೆ ಕಾಲಿಟ್ಟ ದಿನವೇ ಗೋಡೆ, ನಲ್ಲಿ, ಸ್ವಿಚ್‌ಗಳ ವಿಡಿಯೋ ತೆಗೆದು ಓನರ್‌ಗೆ ಕಳಿಸಿ.

ಲೀಸ್ ಅಂದರೆ ಭೋಗ್ಯ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು. ಹನುಮಂತನಗರ, ಶ್ರೀನಗರದಲ್ಲಿ ಇದು ಇನ್ನೂ ಚಾಲ್ತಿಯಲ್ಲಿದೆ. ತಿಂಗಳ ಸಂಪಾದನೆ ಖಾತ್ರಿ ಇಲ್ಲದ ಕಲಾವಿದರಿಗೆ ಆಕರ್ಷಕ. ಆದರೆ ಕರಾರು ನೋಂದಣಿ ಆಗಲೇಬೇಕು, ಮನೆಯ ಮೇಲೆ ಸಾಲ ಇದೆಯೇ ಅಂತ ಇ.ಸಿ. (ಋಣಭಾರ ಪತ್ರ) ತೆಗೆಸಿ ನೋಡಲೇಬೇಕು, ಸಹಿ ಹಾಕುವವರೇ ನಿಜವಾದ ಮಾಲೀಕರೇ ಅಂತ ತಿಳಿಯಲೇಬೇಕು. ಇಷ್ಟಕ್ಕೂ ಓನರ್ ಹಿಂಜರಿದರೆ ಎದ್ದು ಬನ್ನಿ.

ಕರೆಂಟಿನ ಬಗ್ಗೆ ಒಂದು ಮಾತು. ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಮನೆಯ ಆರ್.ಆರ್. ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಹಿಂದಿನವರ ಆಧಾರ್ ಜೋಡಣೆಯಾಗಿದ್ದರೆ ಬಿಡಿಸಿ ನಿಮ್ಮದು ಸೇರಿಸಬೇಕು. 200 ಯೂನಿಟ್ ಎಲ್ಲರಿಗೂ ಉಚಿತ ಅಂದುಕೊಳ್ಳಬೇಡಿ, ಉಚಿತ ಎಷ್ಟು ಅನ್ನುವುದು ಆ ಮನೆಯ ಹಿಂದಿನ ಸರಾಸರಿ ಮೇಲೆ ನಿಂತಿದೆ.

ಹಾಗಾದರೆ ಯಾರಿಗೆ ಯಾವುದು?

ಮಾವನಿಗೆ ಮಲ್ಲೇಶ್ವರ ಹೇಳಿದೆ, ಲಿಫ್ಟ್ ಇರುವ ಅಪಾರ್ಟ್‌ಮೆಂಟ್. ಪಿಂಚಣಿಯಲ್ಲಿ ಕಷ್ಟ ಆದರೆ ಚಾಮರಾಜಪೇಟೆ. ರಾಮನವಮಿಗೆ ಅತ್ತೆ ನಡೆದೇ ಹೋಗಬಹುದು. ಮಗಳಿಗೆ ನೃತ್ಯ ಕಲಿಸುವ ಜೋಡಿ ಮೊದಲು ಗುರುಗಳನ್ನು ಹುಡುಕಲಿ, ಆಮೇಲೆ ಅವರ ಸುತ್ತ ಎರಡು ಕಿಲೋಮೀಟರಿನೊಳಗೆ ಮನೆ. ಅಪ್ಪ ಅಮ್ಮ ಬೇಕಾದರೆ ಮೆಟ್ರೋದಲ್ಲಿ ಓಡಾಡಲಿ, ಮಗು ನಡೆಯುವಂತಿರಲಿ. ಪೇಂಟಿಂಗ್ ಗೆಳತಿಗೆ ವಿಲ್ಸನ್ ಗಾರ್ಡನ್‌ನ ಮೇಲಿನ ಮಹಡಿ, ಇಲ್ಲವೇ ಸ್ಟುಡಿಯೋಗೇ ಒಂದು ಕೋಣೆ ಬೇಕಾದರೆ ಮಲ್ಲತ್ತಹಳ್ಳಿಯ ಎರಡು ಬೆಡ್‌ರೂಮು. ಚಿತ್ರ ಬರೆಯುವವರು ದಿನಾ ರಾತ್ರಿ ಓಡಾಡುವುದಿಲ್ಲವಾದ್ದರಿಂದ ದೂರ ಅಷ್ಟು ಹೊರೆಯಾಗುವುದಿಲ್ಲ. ಕೈತುಂಬ ಸಂಬಳ ಇದ್ದು, ನಾಟಕ ನೋಡುವುದೇ ಸುಖ ಅನ್ನುವವರು ಜೆ.ಪಿ. ನಗರ ಎರಡನೇ ಫೇಸ್‌ಗೆ ಕಣ್ಣುಮುಚ್ಚಿ ಹೋಗಿ.

ಹೆಗ್ಗೋಡಿನ ಹುಡುಗ ಜೆ.ಪಿ. ನಗರವೇ ಬೇಕು ಅಂತ ಹಟ ಹಿಡಿದಿದ್ದ. ಮೊದಲು ಯಾವ ತಂಡ ಸೇರ್ತೀಯ, ಅವರ ತಾಲೀಮು ಎಲ್ಲಿ, ಅದು ಹೇಳು ಅಂದೆ. ಹದಿನೈದು ದಿನ ಗೆಳೆಯನ ರೂಮಿನಲ್ಲಿದ್ದು ಮೂರು ತಂಡ ಸುತ್ತಿ ಬಂದ. ಈಗ ಹನುಮಂತನಗರದಲ್ಲಿ ಇನ್ನೊಬ್ಬ ನಟನ ಜೊತೆ ಎರಡನೇ ಮಹಡಿಯಲ್ಲಿದ್ದಾನೆ. ಬಾಡಿಗೆ ಹದಿನಾಲ್ಕು ಸಾವಿರ, ಆರು ತಿಂಗಳ ಅಡ್ವಾನ್ಸ್. ಗೇಟಿನ ಕೀ ಕೊಟ್ಟಿದ್ದಾರೆ. ಮೊನ್ನೆ ಅವನ ಟೆರೇಸಿನಲ್ಲಿ ಸ್ಕ್ರಿಪ್ಟ್ ಓದಲು ಕೂತಿದ್ದೆವು. ಹತ್ತು ಹೊಡೆಯುತ್ತಿದ್ದಂತೆ ಕೆಳಗಿನಿಂದ ಓನರ್ ಅಮ್ಮ ಕೂಗಿದರು: "ಮುಗೀತೇನ್ರೋ? ಕೊನೆ ಸೀನ್ ಸರಿಯಾಗಿ ಕೇಳಿಸ್ಲಿಲ್ಲ, ನಾಳೆ ಸ್ವಲ್ಪ ಬೇಗ ಶುರು ಮಾಡಿ."